ಬೆಲ್ಟು ಮೀಟಿದರೆ ಟೀ

ಅವನ ಸ್ವಂತ ಹೆಸರು ತೆರಿಗೆ ಕಟ್ಟುವ ದಿನ ಮಾತ್ರ ಹೊರಗೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಅವನು ಕಿವಿ ಮೇಸ್ತ್ರಿ. ಕಾರು ಇನ್ನೂ ಗೇಟು ದಾಟುತ್ತಿರುವಾಗಲೇ, ಕೈಯಲ್ಲಿದ್ದ ಕೆಲಸ ಬಿಡದೆ, ತಲೆಯನ್ನೂ ಎತ್ತದೆ, "ಎಡಗಡೆ ಹಿಂದಿನ ಚಕ್ರದ ಬೇರಿಂಗು" ಎಂದೋ, "ನೀರಿನ ಪಂಪು ಹೋಗಿದೆ, ಮೊದಲು ಇಂಜಿನ್ ಆಫ್ ಮಾಡಿ" ಎಂದೋ ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಹೀಗೆ ಆ ಹೆಸರು ಅಂಟಿಕೊಂಡಿತು, ಅವನೂ ಅದನ್ನು ಒರೆಸಿಕೊಳ್ಳಲು ಹೋಗಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಗ್ಯಾರೇಜು ದೊಡ್ಡ ರಸ್ತೆಯಿಂದ ಒಂದು ತಿರುವು ಒಳಗೆ. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಸಿಮೆಂಟು. ಒಂದಿಡೀ ಗೋಡೆಗೆ ಸ್ಪ್ಯಾನರುಗಳನ್ನು ನೇತುಹಾಕಿದ್ದ, ಪ್ರತಿಯೊಂದರ ಹಿಂದೆಯೂ ಅದರದೇ ಆಕಾರದಲ್ಲಿ ಬಿಳಿ ಬಣ್ಣ ಬಳಿದಿದ್ದ. ಯಾವುದಾದರೂ ಕಾಣೆಯಾದರೆ ಅದರ ಬಿಳಿ ನೆರಳು ಎದ್ದು ಕಾಣಬೇಕು. ಮುಂಭಾಗದಲ್ಲಿ ಹೆಂಡತಿಯ ಅಂಗಡಿ. ಬಲ್ಬು, ವೈಪರು, ಎಣ್ಣೆ ಡಬ್ಬಿ, ಬೆಲ್ಟು, ಬೇರಿಂಗು. ಅಂಗಡಿಗೂ ಗ್ಯಾರೇಜಿಗೂ ನಡುವೆ ಬಾಗಿಲಿಲ್ಲದ ಒಂದು ಬಾಗಿಲು. ಕೌಂಟರಿನ ಹಿಂದೆ ಒಂದು ಪುಟ್ಟ ಗ್ಯಾಸ್ ಒಲೆ, ಅದರ ಮೇಲೊಂದು ಕೆಟಲು. ಮದುವೆಯಾದ ಹೊಸತರಲ್ಲಿ ಅವಳು ನಾಲ್ಕು ದಿನ ಅಂಗಡಿ ನೋಡಿಕೊಳ್ಳಲು ಬಂದಿದ್ದಳು. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದರೂ ಆ ನಾಲ್ಕು ದಿನ ಮುಗಿದಿರಲಿಲ್ಲ.

ಮೇಸ್ತ್ರಿಯ ಕಿವಿಯ ಹೆಮ್ಮೆಗೆ ಕಳಶವಿಟ್ಟಂತೆ ಇದ್ದದ್ದು ಟೈಮಿಂಗ್ ಬೆಲ್ಟಿನ ಕೆಲಸ. ಇದು ಇಂಜಿನ್ನಿನ ಪಕ್ಕದಲ್ಲಿ, ಮುಚ್ಚಳದ ಒಳಗೆ, ಮೇಲಿನ ಚಕ್ರವನ್ನೂ ಕೆಳಗಿನ ಚಕ್ರವನ್ನೂ ಒಂದೇ ತಾಳದಲ್ಲಿ ತಿರುಗಿಸುವ ಹಲ್ಲುಗಳಿರುವ ರಬ್ಬರ್ ಪಟ್ಟಿ. ಹಳೆಯದಾದರೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಪಕ್ಕದ ರೋಲರನ್ನು ಸ್ಪ್ಯಾನರಿನಿಂದ ಸರಿಸಿ ಬಿಗಿ ಕೊಡಬೇಕು. ಎಷ್ಟು ಬಿಗಿ ಎನ್ನುವುದೇ ವಿದ್ಯೆ. ಸಡಿಲವಾದರೆ ಹಲ್ಲು ಜಿಗಿಯುತ್ತದೆ. ಬಿಗಿ ಹೆಚ್ಚಾದರೆ ರೋಲರಿನ, ನೀರಿನ ಪಂಪಿನ ಬೇರಿಂಗುಗಳು ಒಳಗೊಳಗೇ ಸವೆದು, ಒಂದು ದಿನ ತಿರುಗದೆ ಹಿಡಿದುಕೊಂಡು, ಬೆಲ್ಟು ಹರಿದು, ಇಂಜಿನ್ ಒಳಗೇ ಹೊಡೆದಾಡಿ ಸಾಯುತ್ತದೆ. ಸಾಮಾನ್ಯ ಮೆಕ್ಯಾನಿಕ್ಕುಗಳು ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿ ನೋಡುತ್ತಾರೆ. ಮಲಗಿದ ಪಟ್ಟಿ ನೆಟ್ಟಗೆ ನಿಲ್ಲುವಷ್ಟು ತಿರುಚಿಕೊಂಡರೆ ಸರಿ, ಹೆಚ್ಚೂ ಬೇಡ ಕಡಿಮೆಯೂ ಬೇಡ. ಅವನ ಗುರುವೂ ಅದನ್ನೇ ಕಲಿಸಿದ್ದ. ಆದರೆ ಕಿವಿ ಮೇಸ್ತ್ರಿಗೆ ಅದು ಅ ಆ ಇ ಈ ಕಲಿಯುವವರ ಪಾಠ. ಅವನು ಬೆಲ್ಟನ್ನು ತೋರುಬೆರಳಿನಿಂದ ಮೀಟುತ್ತಿದ್ದ. ಸಡಿಲವಿದ್ದರೆ ಅದು ಡಬ್ ಎನ್ನುತ್ತಿತ್ತು. ಸ್ವಲ್ಪ ಬಿಗಿ ಮಾಡಿ ಮತ್ತೆ ಮೀಟುತ್ತಿದ್ದ. ಡುಂ. ಇನ್ನೂ ಸ್ವಲ್ಪ. ಠಂಯ್ ಎಂದಾಗ ನಿಲ್ಲಿಸಿ ಬೋಲ್ಟು ಭದ್ರ ಮಾಡುತ್ತಿದ್ದ.

ಆ ಠಂಯ್ ಅಂಗಡಿಗೂ ಕೇಳಿಸುತ್ತಿತ್ತು. ಅದು ಕೇಳಿಸಿದ ಕೂಡಲೇ ಹೆಂಡತಿ ಎದ್ದು ಒಲೆ ಹಚ್ಚುತ್ತಿದ್ದಳು. ಅವನು ಮುಚ್ಚಳ ಹಾಕಿ, ಕೈ ತೊಳೆದು ಬರುವುದಕ್ಕೂ ಟೀ ಲೋಟಕ್ಕೆ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ಹೀಗೆ ಮಾಡೋಣ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಸಂಸಾರದಲ್ಲಿ ಒಳ್ಳೆಯ ಏರ್ಪಾಡುಗಳೆಲ್ಲ ಮಾತಿಲ್ಲದೆ ಆದವೇ.

ಆದರೆ ಒಂದು ವರ್ಷದಿಂದ ಈ ಏರ್ಪಾಡು ಕೆಟ್ಟಿತ್ತು. ಟೀ ಆಗಿರುತ್ತಿತ್ತು, ಮೇಸ್ತ್ರಿ ಬರುತ್ತಿರಲಿಲ್ಲ. ಇನ್ನೂ ಬೆಲ್ಟನ್ನೇ ಮೀಟುತ್ತ ಕೂತಿರುತ್ತಿದ್ದ. ಅವನು ಬರುವ ಹೊತ್ತಿಗೆ ಟೀ ಆರಿ ಮೇಲೆ ಕೆನೆ ಕಟ್ಟಿರುತ್ತಿತ್ತು.

"ಎಷ್ಟು ಸಲ ಕರೀಬೇಕು ನಿಮ್ಮನ್ನ?"

"ನೀನು ಯಾವಾಗ ಕರೆದೆ?"

"ಹೌದು, ಹೌದು. ನಾನು ಮಾತಾಡಿದ್ದು ನಿಮಗೆ ಯಾವತ್ತು ಕೇಳಿಸಿದೆ?"

ಇಂಥ ಜಗಳ ಯಾವ ಮನೆಯಲ್ಲಿಲ್ಲ? ಅದಕ್ಕೇ ಇಬ್ಬರೂ ಇದನ್ನು ಒಂದು ರೋಗದ ಲಕ್ಷಣ ಎಂದುಕೊಳ್ಳಲಿಲ್ಲ. ಅವಳು ಅಸಡ್ಡೆ ಎಂದುಕೊಂಡಳು, ಅವನು ಅವಳಿಗೆ ವಯಸ್ಸಾಗಿ ದನಿ ಇಳಿದಿದೆ ಎಂದುಕೊಂಡ. ಅವನು ಇನ್ನೂ ಏನೇನೋ ಅಂದುಕೊಂಡಿದ್ದ. ಈಗಿನ ಕಾರುಗಳ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದಿಲ್ಲ, ಕಂಪನಿಯವರು ಬಹಳ ಸುಧಾರಿಸಿದ್ದಾರೆ ಎಂದು ಮೆಚ್ಚಿಕೊಂಡಿದ್ದ. ಊರಿನಲ್ಲಿ ಸೊಳ್ಳೆಯ ಗುಂಯ್ ಸದ್ದೇ ಇಲ್ಲವಾಗಿದೆ ಎಂದು ನಗರಸಭೆಯನ್ನು ನಾಲ್ಕು ಜನರ ಮುಂದೆ ಹೊಗಳಿದ್ದ. ಅದೇ ಹೊತ್ತಿಗೆ ಹೆಂಡತಿ ಪಕ್ಕದಲ್ಲಿ ನಿಂತು ಮೊಣಕೈ ಕೆರೆದುಕೊಳ್ಳುತ್ತಿದ್ದಳು.

ಹೀಗಿರುವಾಗ ಬೀಗರ ಕಾರು ಬಂತು.

ಬೀಗರದು ಬೇಕರಿ. ಮಗಳನ್ನು ಕೊಟ್ಟ ಮನೆ. ಬೆಳಗಿನ ಜಾವ ಕಾರಿನ ತುಂಬ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿಬರುವವಳು ಮಗಳೇ. ಊರಾಚೆಯ ಇಳಿಜಾರು ಇಳಿದು, ಸೇತುವೆ ದಾಟಿ, ಲಾರಿಗಳ ನಡುವೆ ನುಸುಳಿ ಹೋಗಿಬರುವ ದಾರಿ. ಮೇಸ್ತ್ರಿ ಹಿಂದಿನ ವಾರವಷ್ಟೇ ಆ ಕಾರಿಗೆ ಹೊಸ ಟೈಮಿಂಗ್ ಬೆಲ್ಟು, ಹೊಸ ರೋಲರು ಹಾಕಿಕೊಟ್ಟಿದ್ದ. ಮಗಳು ಓಡಿಸುವ ಕಾರು ಎಂದು ಬೇರೆ ಗಿರಾಕಿಗಳನ್ನು ಕಾಯಿಸಿ ಕೂತು ಮಾಡಿದ ಕೆಲಸ ಅದು.

ಈಗ ಬೀಗರು ಗೇಟಿನೊಳಗೆ ಕಾರು ನಿಲ್ಲಿಸಿ ಇಳಿದರು. ಇಂಜಿನ್ ಆಫ್ ಮಾಡಿರಲಿಲ್ಲ. ಬೀಗರದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ಏನಿಲ್ಲ ಬೀಗರೇ, ಸುಮ್ನೆ ಈ ಕಡೆ ಬಂದಿದ್ವಿ. ಕಾರು ತುಂಬ ಚೆನ್ನಾಗಿದೆ. ನಿಮ್ಮ ಕೈ ಅಂದ್ರೆ ಕೇಳ್ಬೇಕಾ? ಏನೋ ಒಂಚೂರು... ಸದ್ದು ಅಂತ ಹೇಳಕ್ಕಾಗಲ್ಲ. ನನ್ನ ಕಿವೀನೇ ಸರಿ ಇಲ್ವೋ ಏನೋ."

ಪಕ್ಕದ ಸೀಟಿನಿಂದ ಬೀಗಿತ್ತಿ ಇಳಿದಳು. ಅವಳಿಗೆ ಬೆಣ್ಣೆಯೂ ಬೇಡ, ಕೂದಲೂ ಬೇಡ.

"ಸದ್ದಲ್ದೆ ಏನು? ಕೀ ಅಂತ ಕಿರುಚ್ತದೆ ಬೀಗರೇ. ಎಕ್ಸಿಲೇಟರ್ ಒತ್ತಿದ್ರೆ ಇನ್ನೂ ಜೋರು. ಬೀದಿ ನಾಯಿಗಳೆಲ್ಲ ಎದ್ದು ನಿಂತ್ಕೋತವೆ. ಬೆಲ್ಟು ಹಾಕಿಸೋ ಮುಂಚೆ ಹೀಗಿರಲಿಲ್ಲ."

ಮೇಸ್ತ್ರಿ ಬಾನೆಟ್ ಎತ್ತಿದ. ಕಿವಿಗೊಟ್ಟ. ಇಂಜಿನ್ ಸರಾಗವಾಗಿ, ತುಂಬು ಗಂಟಲಲ್ಲಿ ಗುರುಗುಟ್ಟುತ್ತಿತ್ತು. ಅವನಿಗೆ ಬೇರೆ ಏನೂ ಕೇಳಿಸಲಿಲ್ಲ. ಎಕ್ಸಿಲೇಟರ್ ತಂತಿಯನ್ನು ಕೈಯಲ್ಲೇ ಎಳೆದ. ಗುರುಗುಟ್ಟುವ ಸದ್ದು ಏರಿತು, ಅಷ್ಟೇ. ಬೀಗಿತ್ತಿಗೆ ಹುಚ್ಚು ಎಂದುಕೊಳ್ಳುವಷ್ಟರಲ್ಲಿ, ತಗಡಿನ ನೆರಳಿನಲ್ಲಿ ದಿನವಿಡೀ ಬಿದ್ದುಕೊಂಡಿರುತ್ತಿದ್ದ, ಬಾಂಬು ಬಿದ್ದರೂ ಏಳದ ಗ್ಯಾರೇಜಿನ ಮುದಿ ನಾಯಿ ಎದ್ದು, ಕಿವಿ ಹಿಂದಕ್ಕೆ ಮಡಿಸಿಕೊಂಡು, ಗೇಟಿನಾಚೆ ಹೋಗಿ ನಿಂತಿತು.

ನಾಯಿಗೆ ಕೇಳಿಸಿತು, ತನಗೆ ಕೇಳಿಸಲಿಲ್ಲ. ಮೇಸ್ತ್ರಿ ಬಾನೆಟ್ ಇಳಿಸಿದ.

"ಹೂಂ. ಇದೆ" ಎಂದ. "ಬಿಟ್ಟುಹೋಗಿ. ನಾಳೆ ಸಂಜೆ ಬನ್ನಿ."

ಬೀಗರು, ಅವಸರವೇನಿಲ್ಲ, ನಾಳೆ ಬೆಳಿಗ್ಗೆಯ ಬ್ರೆಡ್ಡಿಗೆ ಪಕ್ಕದ ಮನೆಯವರ ವ್ಯಾನು ಕೇಳಿದರಾಯಿತು, ನಿಮಗೆ ತೊಂದರೆ ಕೊಟ್ಟೆವು ಎಂದೆಲ್ಲ ಹೇಳಿ ಹೋದರು. ಬೀಗಿತ್ತಿ ಹೋಗುವಾಗ ಒಮ್ಮೆ ತಿರುಗಿ ಅವನ ಮುಖ ನೋಡಿದಳು. ಆ ನೋಟ ಅವನಿಗೆ ಹಿಡಿಸಲಿಲ್ಲ.

ಆಮೇಲೆ ಮೇಸ್ತ್ರಿ ಮಾಡಿದ್ದೆಲ್ಲ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುವ ಕೆಲಸ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೂ ಒತ್ತಿ, ಒಂದೊಂದೇ ಜಾಗ ಕೇಳಿದ. ಡೈನಮೊ ಗರಗರ ಎನ್ನುತ್ತಿತ್ತು, ಅದು ಅದರ ಸಹಜ ದನಿ. ನೀರಿನ ಪಂಪಿನ ಹತ್ತಿರ ಒಂದು ಮಂಕು ಗುಂ. ಕೀ ಎನ್ನುವುದು ಎಲ್ಲೂ ಇರಲಿಲ್ಲ. ಮುಚ್ಚಳದ ಹೊರಗಿರುವ ಡೈನಮೊ ಬೆಲ್ಟನ್ನು ಸ್ವಲ್ಪ ಸಡಿಲಿಸಿ ನೋಡಿದ. ವ್ಯತ್ಯಾಸ ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಮದ್ದು ಕೊಡುವವನಿಗೆ ನಾಡಿಯೇ ಸಿಗದ ಹಾಗಾಯಿತು. ಕಾರನ್ನು ಎದುರು ಬೀದಿಯಲ್ಲಿ ಕಂಪ್ಯೂಟರ್ ಹಚ್ಚಿ ರೋಗ ಹುಡುಕುವ ಗ್ಯಾರೇಜಿಗೆ ಕೊಂಡೊಯ್ಯಬಹುದಿತ್ತು. ಅವರು ಏನಾದರೂ ಹೇಳುತ್ತಿದ್ದರು. ಆದರೆ ಕಿವಿ ಮೇಸ್ತ್ರಿ ಸದ್ದು ಹುಡುಕಿಸಲು ಎದುರು ಬೀದಿಗೆ ಹೋದ ಎಂಬ ಸುದ್ದಿ ಅವನಿಗಿಂತ ಮುಂಚೆ ಮನೆ ತಲುಪುತ್ತಿತ್ತು. ಸುಮ್ಮನೆ "ಸರಿಹೋಯಿತು" ಎಂದು ಕೊಟ್ಟುಬಿಡಲೂಬಹುದಿತ್ತು. ಆಗ ಇಳಿಜಾರಿನಲ್ಲಿ, ಲಾರಿಗಳ ನಡುವೆ, ಬೆಲ್ಟು ಹರಿದ ಕಾರಿನಲ್ಲಿ ಕೂತಿರುವವಳು ಮಗಳು. ಅಲ್ಲಿಗೆ ಬಂದು ಅವನ ಯೋಚನೆ ನಿಲ್ಲುತ್ತಿತ್ತು.

ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಪಕ್ಕದಲ್ಲಿ ಹೆಂಡತಿ ಎದ್ದು ಕೂತು ಗಾಳಿಯಲ್ಲಿ ಚಪ್ಪಾಳೆ ಹೊಡೆದು ಸೊಳ್ಳೆ ಕೊಲ್ಲುತ್ತಿದ್ದುದನ್ನು ಅವನು ಮೊದಲ ಸಲ ಗಮನವಿಟ್ಟು ನೋಡಿದ. ನಗರಸಭೆಯ ಮೇಲಿದ್ದ ಅಭಿಮಾನ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಅಂಗಡಿ ತೆರೆದು ಸ್ವಲ್ಪ ಹೊತ್ತಿಗೆ ಬಾಗಿಲಿನಲ್ಲಿ ನಿಂತು ಕರೆದ.

"ಏ, ಬಾ ಇಲ್ಲಿ. ಈ ಬ್ಯಾಟರಿ ಹಿಡ್ಕೋ."

ಟಾರ್ಚು ಹಿಡಿದುಕೊಳ್ಳಲು ಅವನು ಹೆಂಡತಿಯನ್ನು ಕರೆದವನಲ್ಲ. ಅವಳು ಅನುಮಾನದಿಂದಲೇ ಬಂದಳು. ಇಂಜಿನ್ ಸ್ಟಾರ್ಟ್ ಮಾಡಿ, ಏನೋ ಹುಡುಕುವವನ ಹಾಗೆ ಬಗ್ಗಿ, ಬಗ್ಗಿಕೊಂಡೇ ಕೇಳಿದ.

"ಏನಾದ್ರೂ ಕೇಳಿಸ್ತಾ ಇದೆಯಾ ನಿಂಗೆ?"

"ಕೇಳಿಸ್ದೆ ಏನು? ನಿನ್ನೆಯಿಂದ ಹಲ್ಲೆಲ್ಲ ಜುಮ್ ಅಂತಿದೆ. ಅದು ಹೇಗೆ ಅದರೊಳಗೆ ತಲೆ ಇಟ್ಕೊಂಡು ನಿಂತಿದ್ರೋ ಮಹಾರಾಯರು."

ಮೇಸ್ತ್ರಿ ಇಂಜಿನ್ ಆಫ್ ಮಾಡಿದ. ಹೊರಗಿನ ಡೈನಮೊ ಬೆಲ್ಟನ್ನು ಪೂರ್ತಿ ಕಳಚಿ ಪಕ್ಕಕ್ಕಿಟ್ಟ. ಅದಿಲ್ಲದೆ ಇಂಜಿನ್ ಒಂದು ಗಳಿಗೆ ಓಡಬಲ್ಲದು. ಮತ್ತೆ ಸ್ಟಾರ್ಟ್ ಮಾಡಿದ.

"ಈಗ?"

"ಈಗ್ಲೂ ಇದೆ."

"ಹಾಗೇ ಇದೆಯಾ, ಕಮ್ಮಿ ಆಯ್ತಾ?"

"ಹಾಗೇ ಇದೆ. ಯಾಕೆ, ನಿಮಗೆ..." ಎಂದವಳು ಅರ್ಧಕ್ಕೆ ನಿಲ್ಲಿಸಿದಳು.

ಅವನು ಅವಳ ಕಡೆ ತಿರುಗಲಿಲ್ಲ. ಡೈನಮೊ ಅಲ್ಲ, ಅದರ ಬೆಲ್ಟೂ ಅಲ್ಲ. ಹಾಗಿದ್ದರೆ ಸದ್ದು ಟೈಮಿಂಗ್ ಮುಚ್ಚಳದ ಒಳಗಿನದು. ತಾನು ಹಿಂದಿನ ವಾರ ಕೈಯಾಡಿಸಿದ ಜಾಗದ್ದು. ಇಷ್ಟು ಗೊತ್ತಾದದ್ದೇ ತಡ, ಅವನಿಗೆ ಜೀವ ಬಂದಂತಾಯಿತು, ಜೀವ ಬಂದೊಡನೆ ನಾಲಿಗೆಯೂ ಬಂತು.

"ನಿನ್ನ ಅಂಗಡಿ ರೋಲರು. ಬೇರಿಂಗು ಕಳಪೆ."

"ಹಾ! ನನ್ನ ರೋಲರಿಗೆ ಬಾಯಿಲ್ಲ ಅಂತ ಅದರ ತಲೆ ಮೇಲೆ ಹೊರಿಸಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಅದೇ ಡಬ್ಬದಲ್ಲಿ ಬಂದಿದ್ದು ಇನ್ನೊಂದು ಅಲ್ಲೇ ಇದೆ, ತಂದು ಪಕ್ಕದಲ್ಲಿಟ್ಟು ನೋಡಿ ಬೇಕಾದ್ರೆ."

ಚಕ್ರ ಬಿಚ್ಚಿ, ಪಕ್ಕದ ತಗಡು ತೆಗೆದು, ಮುಚ್ಚಳ ಕಳಚಿದ. ಅವಳು ಅಂಗಡಿಗೆ ಹೋಗಲಿಲ್ಲ, ಟಾರ್ಚು ಹಿಡಿದು ನಿಂತೇ ಇದ್ದಳು. ಮೇಲಿನ ಚಕ್ರದ ಗುರುತು ಗುರುತಿಗೆ ಕೂತಿತ್ತು, ಕೆಳಗಿನದೂ ಅಷ್ಟೇ. ಬೆಲ್ಟನ್ನು ಬಿಡಿಸಿ ರೋಲರನ್ನು ಬೆರಳಿನಿಂದ ತಿರುಗಿಸಿದ. ಎಣ್ಣೆಯಲ್ಲಿ ಜಾರಿದಂತೆ ತಿರುಗಿತು. ಅಲುಗಿಸಿದ. ಅಲುಗಲಿಲ್ಲ. ಪಂಪಿನ ಚಕ್ರವೂ ಸರಿಯಿತ್ತು. ಎಲ್ಲವೂ ಸರಿ. ಎಲ್ಲವೂ ಸರಿಯಿರುವ ಇಂಜಿನ್ ನಾಯಿಯನ್ನು ಓಡಿಸುತ್ತಿತ್ತು.

ಮತ್ತೆ ಬೆಲ್ಟು ಏರಿಸಿದ. ಎಂದಿನಂತೆ ಸ್ಪ್ಯಾನರು ಹಿಡಿದು ರೋಲರನ್ನು ಸರಿಸುತ್ತ ಬೆರಳಿನಿಂದ ಮೀಟಿದ. ಡಬ್. ಸರಿಸಿದ, ಮೀಟಿದ. ಡುಂ. ಮತ್ತೆ ಸರಿಸಿದ. ಡುಂ. ಮತ್ತೆ. ಡುಂ. ಇನ್ನೂ ಮಂಕು ಎನಿಸಿತು. ಸ್ಪ್ಯಾನರನ್ನು ಇನ್ನಷ್ಟು ಎಳೆಯಹೊರಟಾಗ ಟಾರ್ಚಿನ ಬೆಳಕು ಅಲುಗಿತು. ಹೆಂಡತಿ ತಿರುಗಿ ಬಾಗಿಲಿನ ಕಡೆ ಹೊರಟಿದ್ದಳು.

"ಎಲ್ಲಿಗೆ ಹೊರಟೆ? ಬೆಳಕು ಬೇಕು."

"ಆಯ್ತಲ್ಲ? ಟೀ ಇಡೋಣ ಅಂತ."

"ಎಲ್ಲಿ ಆಯ್ತು? ಇನ್ನೂ ದನಿ ಬಂದಿಲ್ಲ."

"ಬಂತಲ್ರೀ."

"ಬಂದಿಲ್ಲ ಅಂತ ಹೇಳ್ತಿದೀನಲ್ಲ."

"ಬಂತು. ಆಗ್ಲೇ ಬಂತು." ಅವಳು ಹಿಂದಿರುಗಿ ಬಂದು ಬೆಲ್ಟಿನ ಮೇಲೆ ಬೆಳಕು ಬಿಟ್ಟಳು. "ಇದಕ್ಕಿಂತ ಎರಡು ಸಲ ಮುಂಚೆ ಮೀಟಿದ್ರಲ್ಲ, ಅದೇ. ಅದಾದ ಮೇಲಿಂದು ನಮ್ಮದಲ್ಲ. ಇದು ಕಿರುಚ್ತದೆ. ನೀವು ಯಾವಾಗ್ಲೂ ಹೀಗೇ ಮಾಡ್ತೀರಿ ಈಗ. ದನಿ ಬಂತು ಅಂತ ನಾನು ಟೀ ಇಡ್ತೀನಿ. ನೀವು ಬರೋದೇ ಇಲ್ಲ, ಆಮೇಲೂ ಎಳೀತಾ ಮೀಟ್ತಾ ಕೂತಿರ್ತೀರಿ. ಅದಕ್ಕೇ ಅಲ್ವಾ ಟೀ ಆರೋದು?"

ಮೇಸ್ತ್ರಿಗೆ ಉತ್ತರ ಗೊತ್ತಾಗಿತ್ತು. ಗೊತ್ತಾಗುವುದು ಬೇಡವಾಗಿತ್ತು.

ಸ್ಪ್ಯಾನರನ್ನು ನೆಲಕ್ಕಿಟ್ಟು, ಗುರು ಮೊದಲ ದಿನ ಕಲಿಸಿದಂತೆ, ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿರುಚಿದ. ನೆಟ್ಟಗೆ ನಿಲ್ಲಬೇಕಾದ ಪಟ್ಟಿ ಅರ್ಧಕ್ಕೇ ಕಲ್ಲಿನಂತೆ ನಿಂತುಬಿಟ್ಟಿತು. ಇನ್ನೂ ಬಿಗಿ ಸಾಲದು ಎಂದು ಎಳೆಯಹೊರಟಿದ್ದ ಬೆಲ್ಟು ಅದು. ಬೆರಳು ಸುಳ್ಳು ಹೇಳುವುದಿಲ್ಲ. ಬೆಲ್ಟಿನ ಚೂಪು ದನಿ ಅವನ ಕಿವಿಗೆ ಬೀಳುವುದು ನಿಂತುಹೋಗಿತ್ತು. ಆ ದನಿ ಬರಲೆಂದು ಅವನು ಒಂದು ವರ್ಷದಿಂದ ಪ್ರತಿ ಬೆಲ್ಟನ್ನೂ ಎಳೆದೆಳೆದು ಕೊಟ್ಟಿದ್ದ. ಹಾಗೆ ಎಳೆದದ್ದಕ್ಕೇ ಕಾರು ಕಿರುಚುತ್ತಿತ್ತು. ಆ ಕಿರುಚಾಟವೂ ಅವನಿಗೆ ಕೇಳಿಸುತ್ತಿರಲಿಲ್ಲ.

"ನಂಗೆ ಕೇಳಿಸ್ತಿಲ್ಲ ಕಣೇ" ಎಂದ. "ಚೂಪು ಸದ್ದು ಯಾವುದೂ ಕೇಳಿಸ್ತಿಲ್ಲ."

ಅವಳು ಟಾರ್ಚು ಆರಿಸಿದಳು. ಹಗಲಿನಲ್ಲಿ ಅದು ಉರಿಯುತ್ತಿದ್ದುದು ಈಗ ನೆನಪಾದಂತೆ.

"ಹಾಗಾದ್ರೆ ಒಂದು ವರ್ಷದಿಂದ ನಾನು ಕರೆದಿದ್ದು, ಬೈದಿದ್ದು..."

"ಬೈದಿದ್ದು ಕೇಳಿಸ್ತಿತ್ತು. ಅದು ದಪ್ಪ ದನಿ."

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಎರಡನ್ನೂ ಸೆರಗಿನಲ್ಲಿ ಒರೆಸಿದಳು. ಮೇಸ್ತ್ರಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು. ಅವನು ಹೆದರಿದ್ದ, ಹೆದರಿದ್ದನ್ನು ಅಡಗಿಸಿಟ್ಟಿದ್ದ. ಈಗ ಅಡಗಿಸುವುದು ತಪ್ಪಿದ್ದಕ್ಕೆ ಮೈ ಹಗುರವಾಗಿ, ಅದಕ್ಕೂ ನಾಚಿಕೊಂಡ.

"ಏಳಿ, ಅಳ್ತಾ ಕೂತ್ರೆ ಬೆಲ್ಟು ಸಡಿಲ ಆಗಲ್ಲ" ಎಂದು ಅಳುತ್ತಿದ್ದವಳೇ ಹೇಳಿದಳು.

ರೋಲರನ್ನು ಪೂರ್ತಿ ಸಡಿಲಿಸಿ ಮೊದಲಿನಿಂದ ಶುರು ಮಾಡಿದರು. ಅವನು ಸರಿಸಿ ಮೀಟಿದ. ಅವಳು ತಲೆಯಾಡಿಸಿದಳು, ಇಲ್ಲ. ಮತ್ತೆ ಮೀಟಿದ. ಇಲ್ಲ. ಮತ್ತೆ. ಅವಳ ಕೈ ತಾನಾಗಿ ಒಲೆಯ ಕಡೆ ಎದ್ದಿತು.

"ಇದೇ. ನಿಲ್ಲಿಸಿ."

ಬೆರಳಲ್ಲಿ ತಿರುಚಿ ನೋಡಿದ. ಪಟ್ಟಿ ಸರಿಯಾಗಿ ನೆಟ್ಟಗೆ ನಿಂತಿತು. ಬೋಲ್ಟು ಭದ್ರ ಮಾಡಿ, ಇಂಜಿನ್ನನ್ನು ಕೈಯಿಂದ ಸುತ್ತಿಸಿ ಗುರುತುಗಳನ್ನು ಮತ್ತೆ ನೋಡಿ, ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ. ಅವನಿಗೆ ಇಂಜಿನ್ ನಿನ್ನೆ ಹೇಗಿತ್ತೋ ಹಾಗೆಯೇ ಕೇಳಿಸಿತು. ಅವಳ ಮುಖ ನೋಡಿದ. ಆಮೇಲೆ ನಾಯಿಯನ್ನು ನೋಡಿದ. ನಾಯಿ ತಗಡಿನ ನೆರಳಿನಲ್ಲಿ ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ಸಂಜೆ ಬೀಗರು ಬಂದರು, ಬೀಗಿತ್ತಿಯೂ ಬಂದಳು. ಬೀಗರು ಕಾರಿನ ಸುತ್ತ ಒಂದು ಸುತ್ತು ಹಾಕಿ, ಕಿವಿಗೊಟ್ಟು, ಆಹಾ ಎಂದರು. ಆಮೇಲೆ ಅವರ ಬೆಣ್ಣೆ ಮಾತು ಶುರುವಾಯಿತು.

"ಆ ರೋಲರು ಗೀಲರು ಏನಾದ್ರೂ ಕಳಪೆ ಬಂದಿರ್ಬೇಕು, ಅಲ್ವಾ ಬೀಗರೇ? ಈಗಿನ ಸಾಮಾನು ಯಾವುದನ್ನ ನಂಬೋದು?"

ಬೀಗರೇ ಕೈಗೆ ಕೊಟ್ಟ ಊರುಗೋಲು ಅದು. ಹೂಂ ಎಂದರೆ ಸಾಕಿತ್ತು. ಬಾಗಿಲಿನಾಚೆ ಹೆಂಡತಿ ಒಂದು ಬಲ್ಬನ್ನು ಬಹಳ ಹೊತ್ತಿನಿಂದ ಒರೆಸುತ್ತಿದ್ದಳು. ಹೂಂ ಎಂದರೆ ಅವಳ ಸಾಮಾನಿಗೆ ಕೆಟ್ಟ ಹೆಸರು. ಅದು ಹೋಗಲಿ, ಹೆಂಡತಿಗೆ ಸಮಾಧಾನ ಹೇಳಬಹುದು. ಆದರೆ ಹೂಂ ಎಂದರೆ ಒಂದು ವರ್ಷದಿಂದ ಎಳೆದೆಳೆದು ಕಳಿಸಿದ ಉಳಿದ ಕಾರುಗಳೆಲ್ಲ ಹಾಗೆಯೇ ಓಡುತ್ತಿರುತ್ತವೆ. ಅವುಗಳಲ್ಲೂ ಯಾರದೋ ಮಕ್ಕಳು ಕೂತಿರುತ್ತಾರೆ. ಆ ಗಿರಾಕಿಗಳಲ್ಲಿ ಒಬ್ಬಿಬ್ಬರು ಬಂದು ಸದ್ದು ಎಂದಿದ್ದೂ ಉಂಟು. "ಹೊಸ ಬೆಲ್ಟು, ಹೊಂದಿಕೊಳ್ಳುತ್ತೆ" ಎಂದು ಅವನೇ ಕಳಿಸಿದ್ದ. ಕಿವಿ ಮೇಸ್ತ್ರಿಯೇ ಸದ್ದು ಇಲ್ಲವೆಂದ ಮೇಲೆ ಇದೆ ಎನ್ನುವವರು ಯಾರು? ಅವರೆಲ್ಲ ರೇಡಿಯೊ ಜೋರು ಮಾಡಿಕೊಂಡು ಓಡಿಸುತ್ತಿದ್ದರು.

"ರೋಲರು ಚೆನ್ನಾಗಿದೆ ಬೀಗರೇ" ಎಂದ. "ತಪ್ಪು ನಂದು. ಬೆಲ್ಟು ವಿಪರೀತ ಬಿಗಿ ಮಾಡಿಟ್ಟಿದ್ದೆ. ನಂಗೆ ಕಿವಿ ಸರಿಯಾಗಿ ಕೇಳಿಸಲ್ಲ. ನಿನ್ನೆ ಸದ್ದು ಇದೆ ಅಂದೆನಲ್ಲ, ಅದೂ ಸುಳ್ಳು."

ಬೀಗರು ಎಲ್ಲಿ ನೋಡಬೇಕೆಂದು ತಿಳಿಯದೆ ಟೈರು ನೋಡಿದರು. ಬೀಗಿತ್ತಿ ಮಾತ್ರ ನಿಟ್ಟುಸಿರು ಬಿಟ್ಟಳು.

"ಅಬ್ಬಾ, ನೀವೇ ಹೇಳಿದ್ರಲ್ಲ. ನಮ್ಮ ಸೊಸೆ ಹೇಳಿ ಹೇಳಿ ಸಾಕಾಗಿತ್ತು. ಅಪ್ಪಂಗೆ ಕೇಳಿಸ್ತಿಲ್ಲ ಅತ್ತೆ, ಫೋನಲ್ಲಿ ಮಾತಾಡಿದ್ರೆ ಏನೋ ಒಂದು ಹೂಂ ಅಂತಾರೆ ಅಂತಿದ್ಲು. ಸದ್ದು ಶುರುವಾದಾಗ ನೀನೇ ಹೋಗಿ ತೋರಿಸು ಅಂದೆ. ಅದಕ್ಕವಳು, ನಾನು ಹೋದ್ರೆ ಹೊಂದ್ಕೊಳ್ಳುತ್ತೆ ಹೋಗಮ್ಮ ಅಂತಾರೆ, ನೀವಿಬ್ರು ಹೋಗಿ, ಬೀಗರ ಮಾತು ಅಂದ್ರೆ ಬಿಚ್ಚಿ ನೋಡ್ಲೇಬೇಕಾಗುತ್ತೆ ಅಂದ್ಲು."

ಹೌದು, ಮಗಳು ಬಂದಿದ್ದರೆ ಮೇಸ್ತ್ರಿ ಹಾಗೆಯೇ ಹೇಳಿ ಕಳಿಸುತ್ತಿದ್ದ. ಹತ್ತಾರು ಇಂಜಿನ್ನುಗಳ ರೋಗ ಗೇಟಿನಲ್ಲೇ ಹಿಡಿದವನ ರೋಗವನ್ನು ಮಗಳು ಫೋನಿನಲ್ಲೇ ಹಿಡಿದಿದ್ದಳು. ಅವನಿಗೆ ಸಣ್ಣಗೆ ಹೆಮ್ಮೆಯೂ ಆಯಿತು.

ಅವರು ಹೋದ ಮೇಲೆ ಗಂಡ ಹೆಂಡತಿ ಕೌಂಟರಿನ ಹಿಂದೆ ಕೂತರು. ಈಗ ಕರೆಸಬೇಕಾದ ಕಾರುಗಳು ಯಾವುವು? ಮೇಸ್ತ್ರಿ ಹಣೆ ಉಜ್ಜಿಕೊಂಡ. ಬೆಲ್ಟಿನ ಕೆಲಸ ಒಂದೇ ಎರಡೇ. ಯಾವಾಗಿನಿಂದ ಕಿವಿ ಕೆಟ್ಟಿತು, ಯಾವ ಕಾರು ಅದಕ್ಕೆ ಹಿಂದಿನದು, ಯಾವುದು ಮುಂದಿನದು, ಹೇಗೆ ಹೇಳುವುದು?

"ಅದಕ್ಯಾಕೆ ಅಷ್ಟು ಯೋಚನೆ?" ಎಂದಳು ಹೆಂಡತಿ. "ಟೀ ಆರಿದ್ದು ಯಾವ್ಯಾವುದಕ್ಕೆ ಅಂತ ನಂಗೆ ನೆನಪಿದೆ. ಮೊದಲನೇದು ಆ ದಂತವೈದ್ಯರ ಬಿಳಿ ಕಾರು. ಅವತ್ತು ಲೋಟ ಎತ್ತಿ ಚೆಲ್ಲಿದ್ದೆ. ಆಮೇಲೆ ಆ ಅವಳಿ ಮಕ್ಕಳ ತಾಯಿದು, ನನ್ನ ತಂಗಿ ಬಂದಿದ್ಲಲ್ಲ ಆವತ್ತು, ಅವಳ ಮುಂದೇನೇ ನಾವು ಜಗಳ ಆಡಿದ್ವಿ. ಆಮೇಲೆ ಹಸಿರು ಟ್ಯಾಕ್ಸಿ. ಅದರ ಟೀ ನೀವು ಕುಡೀಲೇ ಇಲ್ಲ, ಕೋಪ ಮಾಡ್ಕೊಂಡು ಹೋದ್ರಿ."

ಅವಳು ಹೇಳುತ್ತಲೇ ಹೋದಳು, ಅವನು ಬಾಯಿ ತೆರೆದು ಕೇಳಿದ. ಗಂಡಸು ಮಾಡಿದ ಕೆಲಸವನ್ನು ಮರೆಯಬಹುದು, ಹೆಂಡತಿ ತಾನು ಆಡಿದ ಜಗಳವನ್ನು ಮರೆಯುವುದಿಲ್ಲ. ಇಷ್ಟು ದಿನ ಅವನಿಗೆ ಶಾಪವಾಗಿದ್ದ ಈ ಗುಣ ಅಂದು ಅವನ ಮಾನ ಕಾಯಿತು.

ಪೂರ್ತಿ ಕಾಯಿತು ಎನ್ನುವಂತಿಲ್ಲ. ಫೋನು ಮಾಡಿದವಳು ಅವಳೇ, ಏನು ಹೇಳಬೇಕೋ ಅದನ್ನು ಪಕ್ಕದಲ್ಲಿ ಕೂತು ಹೇಳಿಕೊಟ್ಟವನು ಅವನು. ಬಹಳ ಜನ ಬಂದರು. ಅವಳಿ ಮಕ್ಕಳ ತಾಯಿಯ ಕಾರಿನಲ್ಲಿ ಪಂಪಿನ ಬೇರಿಂಗು ಆಗಲೇ ಸವೆದು ಗರಗರ ಎನ್ನುತ್ತಿತ್ತು. ಕೈಯಲ್ಲಿ ಹಿಡಿದು ಅಲುಗಿಸಿದಾಗ ಅವನಿಗೆ ಬೆವರು ಬಂತು. ದಂತವೈದ್ಯರು ಬರಲಿಲ್ಲ. ಇಂಥವನ ಕೈಗೆ ಇನ್ನೊಮ್ಮೆ ಕಾರು ಕೊಡುವುದಿಲ್ಲ ಎಂದು ಎದುರು ಬೀದಿಯ ಗ್ಯಾರೇಜಿಗೆ ಹೋದರು, ಯಾಕೆ ಎಂಬುದನ್ನೂ ಅಲ್ಲಿ ಹೇಳಿದರು. ವಾರ ಕಳೆಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಯಿತು. ಕಿವಿ ಮೇಸ್ತ್ರಿ ಎಂಬ ಹೆಸರನ್ನು ಜನ ಬಿಡಲಿಲ್ಲ, ಆದರೆ ಈಗ ಹೇಳುವಾಗ ಕೆಲವರು ನಗುತ್ತಿದ್ದರು. ಅದು ಅವನಿಗೆ ನೋಯುತ್ತಿತ್ತು. ಗೇಟಿನಲ್ಲಿ ಕಾರು ಬಂದರೆ ಅವನೀಗ ತಲೆ ಎತ್ತಿ ನೋಡುತ್ತಿದ್ದ, ಏನಾಗಿದೆ ಎಂದು ಬೇರೆ ಮೆಕ್ಯಾನಿಕ್ಕುಗಳ ಹಾಗೆ ಕೇಳುತ್ತಿದ್ದ.

ಕೊನೆಗೆ ಬಂದದ್ದು ಹಸಿರು ಟ್ಯಾಕ್ಸಿ. ಮೇಸ್ತ್ರಿ ಮುಚ್ಚಳ ತೆಗೆದು, ಬೆಲ್ಟನ್ನು ಸಡಿಲಿಸಿ, ಮೊದಲಿನಿಂದ ಬಿಗಿ ಕೊಡತೊಡಗಿದ. ಬೆರಳಲ್ಲಿ ತಿರುಚಿ ನೋಡಿದರೆ ಸಾಕಿತ್ತು, ಅದನ್ನು ಮಾಡುತ್ತಲೂ ಇದ್ದ. ಆದರೂ ಕೈ ಹಳೆಯ ಚಾಳಿ ಬಿಡದೆ ಬೆಲ್ಟನ್ನು ಮೀಟಿತು. ಡಬ್. ಕಿವಿಯನ್ನು ಬೆಲ್ಟಿನ ಕಡೆ ಒಡ್ಡುವುದನ್ನು ಬಿಟ್ಟು ಅವನು ಬಾಗಿಲಿಲ್ಲದ ಬಾಗಿಲಿನ ಕಡೆ ನೋಡಿದ. ಕೌಂಟರಿನಲ್ಲಿ ಹೆಂಡತಿ ಗಿರಾಕಿಯೊಬ್ಬನಿಗೆ ವೈಪರು ತೋರಿಸುತ್ತಿದ್ದಳು. ಸರಿಸಿದ, ಮೀಟಿದ. ಡುಂ. ಅವಳು ಗಿರಾಕಿಯೊಡನೆ ಮಾತು ಮುಂದುವರಿಸಿದಳು. ಇನ್ನೂ ಒಂದಿಷ್ಟು ಸರಿಸಿ ಮೀಟಿದ.

ಅವನಿಗೆ ಅದೂ ಡುಂ ಎಂದೇ ಕೇಳಿಸಿತು. ಅಲ್ಲಿ ಅವಳು ವೈಪರನ್ನು ಗಿರಾಕಿಯ ಕೈಗೆ ಕೊಟ್ಟು, ಇತ್ತ ತಿರುಗಿಯೂ ನೋಡದೆ, ಎದ್ದು ಒಲೆ ಹಚ್ಚಿದಳು.

ಅವನು ಬೋಲ್ಟು ಭದ್ರ ಮಾಡಿದ. ಸ್ಪ್ಯಾನರನ್ನು ಗೋಡೆಯ ಮೇಲಿನ ಅದರ ಬಿಳಿ ನೆರಳಿಗೆ ಸಿಕ್ಕಿಸಿ, ಮುಚ್ಚಳ ಹಾಕಿ, ಕೈ ತೊಳೆದು ಹೋದ. ಟೀ ನಾಲಿಗೆ ಸುಡುವಷ್ಟು ಬಿಸಿಯಾಗಿತ್ತು.